ಮುತ್ತು ತೋರಿಸದ ಪೆಟಿಬೋನ್

ಮೊದಲ ನೋಟಕ್ಕೆ ಓರಿನ್ ಪೆಟಿಬೋನನನ್ನು ನಾನು ತೂಗಿದ್ದು ಹೀಗೆ: ಕೋಟು ಇನ್ನೊಬ್ಬ ತೊಟ್ಟು ಬಿಟ್ಟದ್ದು, ಆ ಇನ್ನೊಬ್ಬ ಇವನಿಗಿಂತ ಗಿಡ್ಡ, ತೋಳು ಮಣಿಕಟ್ಟು ಮುಟ್ಟುವ ಮೊದಲೇ ಸುಸ್ತಾಗಿ ನಿಂತಿತ್ತು. ಪ್ಯಾಂಟು ಟ್ರಾಮ್ ಕಂಪನಿಯ ಸಮವಸ್ತ್ರ, ಮಂಡಿಯ ಹತ್ತಿರ ಸವೆದು ಮಿರುಗುತ್ತಿತ್ತು. ಬೂಟಿಗೆ ಹೊಸ ಅಟ್ಟೆ, ಹಳೆಯ ದಾರ. ಟೋಪಿ ಮಾತ್ರ ಒಳ್ಳೆಯದು. ಆಳು ಬಿದಿರಿನಷ್ಟು ಉದ್ದ, ದೇವರು ಅಗಲ ಕೊಡಲು ಮರೆತಿದ್ದ. ಕಣ್ಣು ಚುರುಕು, ಬಾಯಿ ಮಂದ. ಇಂಥ ಸರಕನ್ನು ನಾನು ಕೊಳ್ಳುವವನಲ್ಲ. ಯಾರಾದರೂ ಸುಮ್ಮನೆ ಕೊಟ್ಟರೆ ಅಂಗಡಿಯ ಹಿಂಬದಿಯ ಗೂಟಕ್ಕೆ ಹಾಕಿಡುತ್ತಿದ್ದೆ. ಮುಂದೆ ಇದೇ ಸರಕನ್ನು ನೋಡಿ ವರ್ಷಗಟ್ಟಲೆ ಹೊಟ್ಟೆ ಉರಿಸಿಕೊಂಡೆ ಎಂದರೆ ನನ್ನ ಕಸುಬಿನ ಕಣ್ಣಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

ಎಡೆನ್‌ಡೇಲಿನಲ್ಲಿ ನನ್ನದು ಬಾಡಿಗೆ ಬಟ್ಟೆಯ ಅಂಗಡಿ; ಬೋರ್ಡಿನ ಮೇಲೆ ಮೆಂಡಲ್ ಎಂದು ನನ್ನ ಹೆಸರು. ರಾಜ, ಕಳ್ಳ, ಪೊಲೀಸು, ಪಾದ್ರಿ, ಸಿನಿಮಾ ಕಂಪನಿಗಳಿಗೆ ಯಾರು ಬೇಕಾದರೂ ಮೈಮೇಲಿನದು ನನ್ನಲ್ಲಿ ಸಿಗುತ್ತಿತ್ತು; ಒಳಗಿನ ಮನುಷ್ಯನನ್ನು ಅವರೇ ತಂದುಕೊಳ್ಳಬೇಕು. ಅಂಗಡಿಯ ಮುಂದೆ ಹಾದುಹೋಗುವ ಟ್ರಾಮಿನಲ್ಲಿ ಓರಿನ್ ಕಂಡಕ್ಟರಾಗಿದ್ದ. ಸಾವಿರದ ಒಂಬೈನೂರ ಹನ್ನೆರಡನೆಯ ಇಸವಿಯಲ್ಲಿ ಅವನು ಕೋಟಿನ ತೋಳು ಉದ್ದ ಮಾಡಿಸಲು ಒಳಗೆ ಬಂದ. ಆಮೇಲೆ ವಾರಕ್ಕೊಮ್ಮೆ ಬಂದ. ಜಗತ್ತಿನಲ್ಲಿ ಯಾವ ತೋಳೂ ಅಷ್ಟು ಸಲ ಉದ್ದವಾಗುವುದಿಲ್ಲ. ನಮ್ಮಲ್ಲಿ ಅಂಚು ಹೊಲಿಯುತ್ತಿದ್ದ ವಿನಿಫ್ರೆಡ್ ಎಂಬ ಹುಡುಗಿಯ, ನಮ್ಮೆಲ್ಲರ ವಿನ್ನಿಯ, ಮೇಲೆ ಅವನ ಕಣ್ಣು ಎಂದು ನನ್ನ ಹೆಂಡತಿ ಫ್ರೂಮಾ ಮೊದಲ ದಿನವೇ ಹೇಳಿದ್ದಳು.

"ಕೇಳ್ಬಾರ್ದಾ ಮತ್ತೆ ಅವಳನ್ನ? ಬಾಯಿಗೇನಾಗಿದೆ?" ಎಂದೆ.

"ಬಾಯಿ ಇದ್ದಿದ್ರೆ ತೋಳು ಯಾಕ್ರೀ ಬೇಕಿತ್ತು?" ಎಂದಳು ಫ್ರೂಮಾ.

ಅವನು ಬಾಯಲ್ಲಿ ಕೇಳಲಿಲ್ಲ, ಕತೆಯಲ್ಲಿ ಕೇಳಿದ. ಮಾತು ಬಾರದ ಹುಡುಗನೊಬ್ಬ ಹೊಲಿಗೆಯ ಹುಡುಗಿಗೆ ಮನಸೋಲುವ ಒಂದು ರೀಲಿನ ಕತೆ ಬರೆದು ಗೋಲ್ಡನ್ ಪಾಪಿ ಕಂಪನಿಗೆ ಮಾರಿದ. ಚಿತ್ರ ತೆರೆಗೆ ಬಂದಾಗ ವಿನ್ನಿಯನ್ನು ಕರೆದುಕೊಂಡು ಹೋಗಿ ತೋರಿಸಿದ. ಅವಳು ನೋಡಿ ಹೊರಗೆ ಬಂದು "ಸರಿ" ಎಂದಳಂತೆ. ಮದುವೆಯ ಗೌನು ನನ್ನದೇ. ಆ ದಿನ ಬಾಡಿಗೆ ತೆಗೆದುಕೊಳ್ಳಲು ಫ್ರೂಮಾ ಬಿಡಲಿಲ್ಲ.

ಟ್ರಾಮ್ ಬಿಟ್ಟು ಓರಿನ್ ಕತೆಯ ಕಸುಬಿಗೆ ಇಳಿದ. ವಾರಕ್ಕೊಂದು ಕತೆ, ಕೆಲವು ವಾರ ಎರಡು. ಅಷ್ಟರಲ್ಲಿ ಗೋಲ್ಡನ್ ಪಾಪಿಯ ಧಣಿ ಗಸ್ ಹಾಕ್‌ಸ್ಟಾಡ್ ಒಂದು ದಿನ ಅಂಗಡಿಗೆ ಬಂದು, ಹಡಗು ಒಡೆದು ದಡ ಸೇರಿದ ಹುಡುಗಿಗೆ ಹರಿದ ಗೌನು ಕೇಳಿದ. ಹೇಗೆ ಕಾಣುತ್ತದೆಂದು ತೋರಿಸಲು ವಿನ್ನಿ ಅದನ್ನು ತೊಟ್ಟು ನಿಂತಳು. "ಎರಡೂ ಬೇಕು," ಎಂದ ಧಣಿ. ನನ್ನ ಅಂಚು ಹೊಲಿಯುವವಳು ಹೋದಳು. ಅಂಥ ಕೈ ಆಮೇಲೆ ನನಗೆ ಸಿಗಲಿಲ್ಲ.

ಓರಿನ್ ಅವಳಿಗೆಂದೇ ಕತೆ ಬರೆದ. ಲೈಲ್ ಕಾರ್ಮೋಡಿ ಎಂಬವನು ನಾಯಕ. ಲೈಲನ ಬಗ್ಗೆ ನನಗೂ ಹೇಳಲು ಇದೆ. ಅಳತೆಗೆಂದು ಅವನು ಅಂಗಡಿಗೆ ಬಂದರೆ, ಬೇರೆ ಗಿರಾಕಿಗಳಿಗೆ ಕುಡಿಯಲು ನೀರೂ ಕೊಡದ ಫ್ರೂಮಾ ಅವನಿಗೆ ಗಾಜಿನ ಲೋಟದಲ್ಲಿ ಚಹಾ, ಜೊತೆಗೆ ಚೆರ್ರಿ ಹಣ್ಣಿನ ಮುರಬ್ಬ ಕೊಡುತ್ತಿದ್ದಳು. ಅವನ ಪ್ಯಾಂಟಿನ ಅಂಚಿಗೆ ಗುಂಡುಸೂಜಿ ಚುಚ್ಚುವ ಕೆಲಸ ಅವಳದೇ. ನಾನು ಚುಚ್ಚುತ್ತೇನೆಂದರೆ "ನಿಮ್ಮ ಕೈ ನಡುಗುತ್ತೆ" ಎನ್ನುತ್ತಿದ್ದಳು. ನಡುಗುತ್ತಿತ್ತು, ಸುಳ್ಳಲ್ಲ.

ವಿನ್ನಿ ನಟಿಸಿದ ಮೊದಲ ಚಿತ್ರವನ್ನು ಮಾಡಿಸಿದವನು ಡಿಲೇನಿ ಎಂಬ ನಿರ್ದೇಶಕ. ಕೊನೆಯಲ್ಲಿ ದೀಪಸ್ತಂಭದ ಮೆಟ್ಟಿಲ ಮೇಲೆ ಲೈಲ್ ವಿನ್ನಿಯನ್ನು ಅಪ್ಪಿ ಮುತ್ತಿಡಬೇಕು. ಓರಿನ್ ಆಚೆ ಬೇಲಿಗೊರಗಿ ನಿಂತು ನೋಡಿದ. ಮಾರನೆಯ ದಿನ ನನ್ನ ಗಲ್ಲೆಯ ಮುಂದೆ ಬಂದು ಕೂತ.

"ಮೂರು ಸಲ ತೆಗೆದ್ರು, ಮೆಂಡಲ್."

"ತೆಗೀತಾರಪ್ಪ. ಕಸುಬು."

"ಮೊದಲ್ನೇ ಸಲ ಗಾಳಿಗೆ ಪರದೆ ಹಾರ್ತು. ಒಪ್ತೀನಿ. ಎರಡ್ನೇ ಸಲ ಯಾರದೋ ನಾಯಿ ನುಗ್ತು. ಅದೂ ಒಪ್ತೀನಿ. ಮೂರ್ನೇ ಸಲ ಯಾಕೆ?"

"ಯಾಕಂತೆ?"

"ಲೈಲ್‌ಗೆ ತೃಪ್ತಿ ಆಗ್ಲಿಲ್ವಂತೆ."

ಅದೇ ವಾರ ಅವನು ಧಣಿಯ ಮುಂದೆ ಹೋಗಿ ನಿಂತ. ಇನ್ನು ತನ್ನ ಕತೆಯನ್ನು ತಾನೇ ಮಾಡಿಸುವೆ, ಹೆಚ್ಚಿಗೆ ಒಂದು ಕಾಸೂ ಬೇಡ ಎಂದ. ಕಾಸು ಬೇಡ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹಾಕ್‌ಸ್ಟಾಡನಿಗೆ ಬೇರೆ ಯಾವ ಮಾತೂ ಕೇಳಿಸುವುದಿಲ್ಲ. ಹೀಗೆ ಓರಿನ್ ಪೆಟಿಬೋನ್ ನಿರ್ದೇಶಕನಾದ. ಊರಿನ ಪತ್ರಿಕೆಗಳು ಇದಕ್ಕೆ ಕಲೆಯ ಹಂಬಲ, ಒಳಗಿನ ಕರೆ ಎಂದೆಲ್ಲ ಕಾರಣ ಕೊಟ್ಟವು. ಕಾರಣ ಮೂರನೆಯ ಮುತ್ತು.

ಅಲ್ಲಿಂದ ಅವನ ಚಿತ್ರಗಳಲ್ಲಿ ಲೈಲನಿಗೆ ಒಳ್ಳೆಯ ಕಾಲ ಇರಲಿಲ್ಲ. ಒಂದರಲ್ಲಿ ಹುಡುಗಿ ಸನ್ಯಾಸಿನಿಯಾದಳು. ಇನ್ನೊಂದರಲ್ಲಿ ಹುಡುಗನಿಗೆ ಸಿಡುಬು. ಪ್ರೇಮವೆಲ್ಲ ಕಿಟಕಿಯ ಗಾಜಿನ ಆಚೆ ಈಚೆ. ಮತ್ತೊಂದರಲ್ಲಿ ಅವನು ಹಳೆಯ ಕಾಲದ ವೀರ, ತಲೆಯಿಂದ ಕಾಲಿನವರೆಗೆ ಕಬ್ಬಿಣದ ಕವಚ, ಮುಖದ ಮುಚ್ಚಳ ತುಕ್ಕು ಹಿಡಿದು ತೆರೆಯುವುದೇ ಇಲ್ಲ. ಆಗಸ್ಟ್ ತಿಂಗಳ ಬಿಸಿಲಲ್ಲಿ ಲೈಲ್ ಅದರೊಳಗೆ ಬೆಂದುಹೋದ. ಕವಚ ನನ್ನದು, ಮೂರು ದಿನ ಗಾಳಿಗೆ ಇಟ್ಟರೂ ವಾಸನೆ ಹೋಗಲಿಲ್ಲ.

ಕುದುರೆಯಿಂದ ಬಿದ್ದವನ ಕತೆ ಮಾಡುವಾಗ ಓರಿನ್ ಮುರಿದ ಕೈಗೆ ಕಟ್ಟುವ ಪಟ್ಟಿ ಕೇಳಲು ಬಂದ.

"ಎರಡೂ ಕೈಗೆ ಬೇಕು," ಎಂದ.

"ಬಿದ್ದೋನಿಗೆ ಒಂದು ಕೈ ಮುರಿಯುತ್ತೆ ಕಣಯ್ಯ."

"ಇವನಿಗೆ ಎರಡೂ."

"ಕುತ್ತಿಗೆಗೂ ಒಂದು ಹಾಕ್ಬಿಡೋಣ್ವಾ?" ಎಂದೆ, ತಮಾಷೆಗೆ.

ಅವನು ಗಂಭೀರವಾಗಿ ಯೋಚಿಸಿದ. "ಹಾಕಿದ್ರೆ ಬಗ್ಗೋಕಾಗಲ್ವಾ?"

"ಆಗಲ್ಲ."

"ಹಾಗಾದ್ರೆ ಹಾಕು."

ಇದನ್ನು ನೋಡಿ ಷಿಕಾಗೋದ ಪತ್ರಿಕೆಯೊಂದು ಬರೆಯಿತು: ಪ್ರೀತಿಯನ್ನು ಮುಟ್ಟದೆಯೇ ಮುಟ್ಟಿಸುವ ಸಂಯಮ ಪೆಟಿಬೋನನಲ್ಲಿ ಮಾತ್ರ ಉಂಟು. ಸಂಯಮವಂತೆ! ನನಗೂ ಅದೇ ಉರಿ, ಅದೇ ಲೈಲನ ಮೇಲೆ. ನನ್ನ ಉರಿಗೆ ಮನೆಯಲ್ಲಿ ಸೂಪಿನ ಬೋಗುಣಿ ಒಡೆಯಿತು, ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅವನ ಉರಿಗೆ ದೇಶವೆಲ್ಲ ಚಪ್ಪಾಳೆ. ಒಂದೇ ಕುಲುಮೆಯ ಕಬ್ಬಿಣ. ಅವನದಕ್ಕೆ ಪದಕದ ಬೆಲೆ, ನನ್ನದಕ್ಕೆ ಲಾಳದ ಬೆಲೆಯೂ ಇಲ್ಲ. ಲೈಲನ ಮೇಲಿನ ನನ್ನ ಹೊಟ್ಟೆಕಿಚ್ಚು ನಿಧಾನವಾಗಿ ಓರಿನ್ನನ ಮೇಲೆ ತಿರುಗಿತು.

ಐದು ವರ್ಷ ಹೀಗೆ ನಡೆಯಿತು. ಕೊನೆಗೆ ಎಡವಟ್ಟಾದದ್ದು ಓಹಾಯೋ ಕಡೆಯ ಒಂದು ಊರಿನಲ್ಲಿ. ಚಿತ್ರ ಮುಗಿದು ದೀಪ ಹತ್ತಿದರೂ ಜನ ಏಳಲಿಲ್ಲ. ಮುತ್ತು ಇನ್ನೂ ಆಗಿಲ್ಲ, ಅಂದರೆ ಒಂದು ರೀಲು ಬಾಕಿ ಇದೆ ಎಂದು ಕೂತೇ ಇದ್ದರಂತೆ. ಚಿತ್ರಮಂದಿರದವನು ಮುಗಿಯಿತು ಎಂದರೆ ನಂಬಲಿಲ್ಲ. ಕೊನೆಯ ರೀಲನ್ನು ಅವನೇ ಬಚ್ಚಿಟ್ಟಿದ್ದಾನೆಂದು ಹೆಂಗಸರು ಛತ್ರಿ ಹಿಡಿದು ಅವನ ಹಿಂದೆ ಬಿದ್ದರು. ಅವನು ಹಾಕ್‌ಸ್ಟಾಡನಿಗೆ ತಂತಿ ಕಳಿಸಿದ. ಬೇರೆ ಊರುಗಳವರೂ ದನಿಗೂಡಿಸಿದರು.

ಧಣಿ ಓರಿನ್ನನನ್ನು ಕರೆಸಿದ. ಏಳು ವರ್ಷದ ಹಿಂದೆ ಸಮುದ್ರಕ್ಕೆ ಹೋದವನು ಸತ್ತನೆಂದು ತಿಳಿದ ಹುಡುಗಿ ಇನ್ನೊಬ್ಬನಿಗೆ ಮದುವೆಯಾಗಲು ಗೌನು ತೊಟ್ಟು ನಿಂತಾಗ, ಸತ್ತವನೇ ಬಾಗಿಲಲ್ಲಿ ಬಂದು ನಿಲ್ಲುವ ಕತೆ ಆಗ ನಡೆಯುತ್ತಿತ್ತು. ಅದರ ಕೊನೆಗೆ ಮುತ್ತು ಬೇಕು. ಮುಖ ಎದುರಿಗೆ, ಕ್ಯಾಮೆರಾ ಹತ್ತಿರ, ಮಧ್ಯೆ ಗಾಜು, ಕಬ್ಬಿಣ, ಕಾಯಿಲೆ ಯಾವುದೂ ಕೂಡದು. ಇಲ್ಲವಾದರೆ ವಿನ್ನಿಯ ಮುಂದಿನ ಚಿತ್ರಗಳೆಲ್ಲ ಡಿಲೇನಿಗೆ. ಡಿಲೇನಿ ನಟಿಯರ ಗಂಡಂದಿರನ್ನು ಗೇಟಿನ ಒಳಗೇ ಬಿಡುವವನಲ್ಲ.

ಓರಿನ್ ನೇರವಾಗಿ ನನ್ನ ಅಂಗಡಿಗೆ ಬಂದ.

"ಅಗಲ ಅಂಚಿನ ಟೋಪಿ ಇದೆಯಾ? ಬಗ್ಗಿದ್ರೆ ಎರಡೂ ಮುಖ ಮುಚ್ಬೇಕು."

"ಧಣಿ ಬೆಳಿಗ್ಗೆನೇ ಹೇಳಿ ಕಳಿಸಿದ್ದಾರೆ. ಪೆಟಿಬೋನ್‌ಗೆ ಟೋಪಿ ಕೊಡ್ಬೇಡ ಅಂತ."

"ಮೀಸೆ? ದೊಡ್ಡದು. ತುಟಿ ಕಾಣ್ಬಾರ್ದು."

"ಮೀಸೆನೂ ಬೇಡ ಅಂದಿದ್ದಾರೆ. ಗಡ್ಡನೂ ಬೇಡ. ಛತ್ರಿ, ಬೀಸಣಿಗೆ, ಮುಸುಕು, ಯಾವುದೂ."

ಅವನು ಗಲ್ಲೆಯ ಮೇಲೆ ತಲೆಯಿಟ್ಟ. ನನಗೆ ಕನಿಕರ ಬರಲಿಲ್ಲ ಎಂದೇ ಬರೆಯುತ್ತೇನೆ. ಇಷ್ಟು ವರ್ಷ ಚಪ್ಪಾಳೆ ತಿಂದ ಹೊಟ್ಟೆಕಿಚ್ಚು ಇನ್ನು ನನ್ನದರಂತೆ ಬರಿಗೈಯಲ್ಲಿ ಮನೆಗೆ ಹೋಗಲಿ ಎನ್ನಿಸಿತು.

"ಈರುಳ್ಳಿ ತಿನ್ನಿಸು ಲೈಲ್‌ಗೆ," ಎಂದೆ.

"ತಿನ್ನಿಸಿದ್ದೆ, ಹೋದ ಸಲ ಹತ್ರ ನಿಲ್ಲೋ ಕಡೆ," ಎಂದ ತಲೆಯೆತ್ತದೆ. "ವಿನ್ನಿಗೆ ಈರುಳ್ಳಿ ಇಷ್ಟ."

ಗೌನಿನ ಅಳತೆಗೆ ವಿನ್ನಿ ಮಾರನೆಯ ದಿನ ಬಂದಳು. ಫ್ರೂಮಾ ಬೆನ್ನಿನ ಗುಂಡಿ ಹಾಕುತ್ತಿದ್ದಳು, ನಾನು ಪರದೆಯ ಈಚೆ ಇದ್ದೆ.

"ಫ್ರೂಮಕ್ಕಾ, ಅವರಿಗೆ ಹೊಟ್ಟೆಕಿಚ್ಚು ಅಂತ ಊರಿಗೆಲ್ಲ ಗೊತ್ತು. ಕುದುರೆ ನೋಡ್ಕೊಳ್ಳೋನಿಗೂ ಗೊತ್ತು. ನನಗೆ ಮಾತ್ರ ಒಂದು ಸಲಾನೂ ಹೇಳಿಲ್ಲ."

"ಏನಂತ ಹೇಳ್ಬೇಕಿತ್ತೇ?"

"ಏನಾದ್ರೂ! ಮನೇಲಿ ಉಪ್ಪು ಕೊಡು ಅಂತಾರೆ, ಕಿಟಕಿ ಹಾಕು ಅಂತಾರೆ. ನನ್ನ ಮೇಲೆ ಆಸೆನೋ, ಲೈಲ್ ಮೇಲೆ ದ್ವೇಷನೋ, ಯಾವ್ದು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಈ ಸಲಾನೂ ಏನಾದ್ರೂ ಅಡ್ಡ ತಂದ್ರೆ ನಾನೇ ಹೋಗಿ ಡಿಲೇನಿ ಹತ್ರ ಸಹಿ ಹಾಕ್ತೀನಿ. ಆಮೇಲೆ ಅಕ್ಕನ ಮನೆಗೆ ಹೋಗ್ತೀನಿ."

"ಗಂಡಸರು ಹಾಗೇ ಕಣೇ," ಎಂದಳು ಫ್ರೂಮಾ, ಪರದೆಗೆ ಕೇಳಿಸುವಷ್ಟು ಜೋರಾಗಿ. "ಬೋಗುಣಿ ಒಡೀತಾರೆ, ಬಾಯಿ ಬಿಡಲ್ಲ."

ಮುತ್ತು ತೆಗೆಯುವ ದಿನ ನಾನೂ ಹೋದೆ. ಬಿಳಿ ಗೌನು ಚಿತ್ರದಲ್ಲಿ ಬೆಳಕು ಹೆಚ್ಚಾಗಿ ಉರಿದಂತೆ ಕಾಣುತ್ತದೆಂದು ಅದಕ್ಕೆ ತಿಳಿಹಳದಿ ಬಣ್ಣ ಹಾಕಿದ್ದೆ. ಬಣ್ಣ ಹೇಗೆ ಕೂತಿದೆ ಎಂದು ನೋಡಲು ಹೋದೆ ಎಂದು ಹೇಳಿಕೊಂಡೆ. ಹೋದದ್ದು ಅವನು ಬೀಳುವುದನ್ನು ನೋಡಲು. ಮೇಲ್ಛಾವಣಿ ಇಲ್ಲದ ಹಲಗೆಯ ಮನೆ, ಮೇಲೆ ಬಿಸಿಲು ಸೋಸಲು ತೆಳುಬಟ್ಟೆ. ಒಂದು ಕಡೆ ನಟರಿಗೆ ಭಾವ ಬರಲೆಂದು ಪಿಟೀಲಿನವನು, ಇನ್ನೊಂದು ಕಡೆ ಕುರ್ಚಿ ಹಾಕಿಸಿಕೊಂಡು ಧಣಿ. ಹೊತ್ತು ಇಳಿಯುತ್ತಿತ್ತು, ಗುಡ್ಡದ ನೆರಳು ಬಂದರೆ ಆ ದಿನದ ಕೆಲಸ ಮುಗಿದಂತೆ.

ಆಗ ಚಿತ್ರಗಳಿಗೆ ಈಗಿನಂತೆ ಬಾಯಿ ಬಂದಿರಲಿಲ್ಲ. ಹಾಗಾಗಿ ಕ್ಯಾಮೆರಾ ತಿರುಗುವಾಗ ನಿರ್ದೇಶಕರು ಉದ್ದಕ್ಕೂ ಮಾತಾಡುತ್ತಿದ್ದರು. ನಟರಿಗೆ ಹೆಜ್ಜೆ ಹೇಳಿಕೊಡುವುದು, ಅಳಿಸುವುದು, ನಗಿಸುವುದು ಎಲ್ಲ ಆ ಮಾತೇ. ಡಿಲೇನಿ ಪ್ರೇಮದ ಘಟ್ಟದಲ್ಲಿ ಜೇನು ಸುರಿಸುತ್ತಿದ್ದ. ಓರಿನ್ ತಗಡಿನ ಕಹಳೆ ಬಾಯಿಗಿಟ್ಟು ಟ್ರಾಮ್ ನಿಲ್ದಾಣ ಕೂಗಿದಂತೆ ಕೂಗುತ್ತಿದ್ದ: "ಎಡಕ್ಕೆ. ಕೈ ಮೇಲೆ. ನಿಲ್ಲಿ. ಮುಂದಕ್ಕೆ."

ಮೊದಲ ಸಲವೂ ಹಾಗೇ ಕೂಗಿದ. ವಿನ್ನಿ ಮರದ ಕಂಬದಂತೆ ನಿಂತಳು. ಲೈಲ್ ಅವಳ ಹತ್ತಿರ ಹೋಗಿ, ಬಗ್ಗಿ, ಹಾಗೇ ನಿಂತುಬಿಟ್ಟ.

"ಓರಿನ್, ನನಗೆ ಬೇಲಿಗೆ ಮುತ್ತು ಕೊಟ್ಟಹಾಗಾಗುತ್ತೆ," ಎಂದ. "ಏಳು ವರ್ಷ ಆದ್ಮೇಲೆ ಬಂದಿದ್ದೀನಿ. ಏನಾದ್ರೂ ಹೇಳ್ಬೇಕಲ್ಲ ನಾನು? ನೀನೇ ಬರೆದೋನು. ಏನು ಹೇಳ್ತೀನಿ ಅವಳಿಗೆ?"

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಟರು ಕೇಳುವ ಪ್ರಶ್ನೆಯೇ. ಓರಿನ್ ಕೈಯಲ್ಲಿದ್ದ ಕಹಳೆಯನ್ನೇ ತಿರುಗಿಸಿ ನೋಡಿದ. ಧಣಿ ಕುರ್ಚಿಯಿಂದ, "ಡಿಲೇನಿಗೆ ಹೇಳಿ ಕಳಿಸ್ಲಾ?" ಎಂದ. ವಿನ್ನಿ ಗಂಡನ ಕಡೆ ನೋಡಲಿಲ್ಲ, ಗೌನಿನ ತೋಳು ಸರಿಮಾಡಿಕೊಂಡಳು.

ಓರಿನ್ ಕಹಳೆಯನ್ನು ನೆಲಕ್ಕಿಟ್ಟ. ಕ್ಯಾಮೆರಾದವನಿಗೆ ಕೈ ತೋರಿಸಿದ. ಅವನು ಹಿಡಿ ತಿರುಗಿಸತೊಡಗಿದ. ಪಿಟೀಲು ಶುರುವಾಯಿತು.

"ವಿನ್ನಿ," ಎಂದ ಓರಿನ್. ಕತೆಯ ಹುಡುಗಿಯ ಹೆಸರು ಮಾರ್ಥಾ. "ನೀನು ಟ್ರಾಮ್ ಹತ್ತಿದ ಮೊದಲ್ನೇ ದಿನ ನಿನ್ನ ಟಿಕೆಟಿಗೆ ಎರಡು ತೂತು ಹಾಕ್ದೆ. ನೀನು ಜಗಳಕ್ಕೆ ಬರ್ಲಿ ಅಂತ. ನೀನು ಬರ್ಲಿಲ್ಲ. ಮಾರ್ನೇ ದಿನ ಮೂರು ಹಾಕ್ದೆ."

ಲೈಲ್ ಒಂದು ಹೆಜ್ಜೆ ಮುಂದಿಟ್ಟ. ಅವನು ಒಳ್ಳೆಯ ನಟ. ಯಾವ ಮಾತು ಬಂದರೂ ಅದಕ್ಕೆ ಮುಖ ಹೊಂದಿಸುತ್ತಿದ್ದ.

"ನನಗೆ ಮಾತು ಬರೋದು ಬರೆಯೋವಾಗ ಮಾತ್ರ. ನಿನಗೆ ಅಂತ ಬರೀತೀನಿ, ಇನ್ನೊಬ್ಬ ಬಂದು ಆಡ್ತಾನೆ. ಮನೆಗೆ ಬರೋಷ್ಟರಲ್ಲಿ ನನ್ನ ಬಾಯಿ ಖಾಲಿ ಆಗಿರುತ್ತೆ ಕಣೇ. ಉಪ್ಪು ಕೊಡು ಅಂತೀನಿ. ಇವನನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ಪಾಪ, ಒಳ್ಳೇವ್ನೇ. ಆದ್ರೂ ಉರಿಯುತ್ತೆ. ಅದಕ್ಕೇ ಕೈ ಮುರಿಸ್ದೆ. ಬಿಸಿಲಲ್ಲಿ ಕಬ್ಬಿಣ ಹಾಕಿಸ್ದೆ."

ಕಬ್ಬಿಣದ ಮಾತು ಬಂದಾಗ ಲೈಲನ ಹುಬ್ಬು ಚೂರು ಮೇಲೆದ್ದದ್ದನ್ನು ನಾನು ಕಂಡೆ. ಆದರೆ ಅವನು ನಿಲ್ಲಲಿಲ್ಲ. ವಿನ್ನಿಯ ಮುಖ ಕೈಯಲ್ಲಿ ಹಿಡಿದ. ಅವಳ ಕಣ್ಣು ತುಂಬಿತ್ತು. ಅವನು ಮುತ್ತಿಟ್ಟ. ಈ ಸಲ ಓರಿನ್ ಮುಖ ತಿರುಗಿಸಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ.

"ದ್ವೇಷ ಅಲ್ಲ ಅದು. ಭಯ. ನೀನು ಒಂದು ದಿನ ನನ್ನನ್ನ ಸರಿಯಾಗಿ ನೋಡ್ತೀಯ, ಈ ಉದ್ದದ ಕೋಲಿನ ಜೊತೆ ಯಾಕಿದ್ದೀನಿ ಅಂದ್ಕೋತೀಯ, ಹೋಗ್ತೀಯ. ಆ ಭಯ."

ನಿಲ್ಲಿಸು ಎಂದು ಹೇಳಬೇಕಾದವನು ಅವನೇ. ಅವನು ಬೇರೆ ಮಾತಿನಲ್ಲಿದ್ದ. ಹೇಳದೆ ಕ್ಯಾಮೆರಾದವನು ನಿಲ್ಲಿಸುವಂತಿಲ್ಲ, ನಟರು ಬಿಡುವಂತಿಲ್ಲ. ಮುತ್ತು ನಡೆದೇ ಇತ್ತು. ಇಷ್ಟು ವರ್ಷ ಒಂದನ್ನೂ ತೋರಿಸದವನ ಕೈಯಲ್ಲಿ ಗೋಲ್ಡನ್ ಪಾಪಿಯ ಚರಿತ್ರೆಯಲ್ಲೇ ಅತಿ ಉದ್ದದ ಮುತ್ತು ತಯಾರಾಯಿತು. ಕೊನೆಗೆ ಪೆಟ್ಟಿಗೆಯಲ್ಲಿ ಫಿಲ್ಮು ಮುಗಿದು ಹಿಡಿ ಖಟಖಟ ಎಂದಿತು. ಲೈಲ್ ಹಿಂದೆ ಸರಿದು ದೊಡ್ಡ ಉಸಿರು ಬಿಟ್ಟ.

ವಿನ್ನಿ ಕಣ್ಣೊರೆಸಿಕೊಂಡಳು. "ಐದು ವರ್ಷ ಆಯ್ತು," ಎಂದಳು. "ಇದನ್ನ ಹೇಳೋಕೆ ಇಷ್ಟು ಜನ ಬೇಕಾಗಿತ್ತಾ ನಿಮಗೆ?"

ಲೈಲ್ ಓರಿನ್ನನ ಹತ್ತಿರ ಬಂದ. "ಕುತ್ತಿಗೆ ಪಟ್ಟಿನೂ ಅದಕ್ಕೇನಾ?"

"ಅದು ಮೆಂಡಲ್ ಹೇಳಿದ್ದು," ಎಂದ ಓರಿನ್.

ನಾನು ಗೌನಿನ ಬಣ್ಣ ನೋಡುತ್ತಾ ನಿಂತೆ.

ಅಲ್ಲಿಂದ ಮನೆಗೆ ನಡೆದುಕೊಂಡೇ ಬಂದೆ. ಫ್ರೂಮಾ ಪೊಲೀಸರ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಟೋಪಿಯನ್ನೂ ತೆಗೆಯದೆ ಹೇಳಿಬಿಟ್ಟೆ: "ಆ ಲೈಲ್ ಬಂದ ದಿನ ನೀನು ಹೊಸ ಏಪ್ರನ್ ಹಾಕ್ಕೋತೀಯ. ನನಗೆ ಸಂಕಟ ಆಗುತ್ತೆ ಫ್ರೂಮಾ. ತುಂಬಾ."

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಈ ಮಾತನ್ನ ಎಲ್ಲಿಂದ ಬಾಡಿಗೆಗೆ ತಂದ್ರಿ?"

"ಪೆಟಿಬೋನ್ ಹತ್ರ."

"ಅವನು ನೋಡ್ಲಿ ಅಂತ ನಾನು ಹಾಕ್ಕೋತಿದ್ನಾ?" ಎಂದಳು. "ನೀವು ನೋಡ್ಲಿ ಅಂತ ಕಣ್ರೀ." ಮತ್ತೆ ಇಸ್ತ್ರಿ ಹಿಡಿದಳು. ಆ ಸಂಜೆ ಒಂದು ಪೊಲೀಸ್ ಕೋಟು ಸುಟ್ಟುಹೋಯಿತು.

ಇತ್ತ ಧಣಿ ಫಿಲ್ಮು ತೊಳೆಸಿ ನೋಡಿದ. ಮುತ್ತು ಭರ್ಜರಿ, ಆದರೆ ವಿನ್ನಿಯ ಕಣ್ಣು ತೆರೆದೇ ಇತ್ತು. ಲೈಲನ ಭುಜದ ಮೇಲಿಂದ ಕ್ಯಾಮೆರಾದ ಪಕ್ಕದ ಯಾರನ್ನೋ ನೋಡುತ್ತಿದ್ದಳು. ಇದು ಕೆಟ್ಟಿತು, ನಾಳೆ ಮತ್ತೆ ತೆಗಿ ಎಂದ. ಓರಿನ್ ಆಗುವುದಿಲ್ಲ ಎಂದ.

"ಮತ್ತೆ ಶುರು ಮಾಡ್ದೆಯಾ?" ಎಂದು ಧಣಿ ಮೇಜು ಗುದ್ದಿದ.

"ಇಲ್ಲ ಧಣಿ. ಬೇಕಾದ್ರೆ ಹತ್ತು ಸಲ ತೆಗೀಲಿ. ಡಿಲೇನಿನೇ ತೆಗೀಲಿ. ನಾನು ಆ ಮಾತನ್ನ ಇನ್ನೊಂದು ಸಲ ನಿಮ್ಮ ಮುಂದೆ ಹೇಳಲ್ಲ. ಮನೇಲಿ ಹೇಳ್ಕೋತೀನಿ."

ಯಾವುದನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಸರ್ಕಸ್ಸು ಮಾಡಿದ್ದನೋ ಅದನ್ನು ತಾನೇ ಕೈಯಾರೆ ಕೊಟ್ಟುಬಿಟ್ಟ. ಮಾರನೆಯ ದಿನ ಡಿಲೇನಿ ಒಳಗೆ ಜೇನು ಸುರಿಸುವಾಗ ಓರಿನ್ ಗೇಟಿನ ಹೊರಗೆ ಮರದ ಕೆಳಗೆ ಕೂತು ಮಾಂಸದ ಬ್ರೆಡ್ಡು ತಿನ್ನುತ್ತಿದ್ದ. ವಿನ್ನಿ ಬೇಗನೇ ಹೊರಗೆ ಬಂದು ನನ್ನ ಗೌನಿನ ತೋಳಿಗೆ ತುಟಿ ಒರೆಸಿಕೊಂಡು, "ಅರ್ಧ ಉಳಿಸಿದ್ದೀರಾ?" ಎಂದಳು. ಆ ಬಣ್ಣದ ಕಲೆ ಹೋಗಲೇ ಇಲ್ಲ. ತೆರೆಗೆ ಬಂದದ್ದು ಡಿಲೇನಿಯ ಮುತ್ತು. ಓಹಾಯೋದ ಹೆಂಗಸರು ತೃಪ್ತರಾದರು. ಓರಿನ್ನನ ಮುತ್ತನ್ನು, ಆಗಿನ ಪದ್ಧತಿಯಂತೆ, ಬೇಡವಾದ ಬೇರೆ ಫಿಲ್ಮಿನ ಜೊತೆ ಕರಗಿಸಿ ಅದರ ಲೇಪದಲ್ಲಿದ್ದ ಬೆಳ್ಳಿ ತೆಗೆದರು.

ಅವನು ಆಮೇಲೂ ಕತೆ ಬರೆದ, ಬೇರೆ ನಟಿಯರ ಚಿತ್ರ ಮಾಡಿಸಿದ. ಅವುಗಳಲ್ಲಿ ಎಲ್ಲರೂ ಎಲ್ಲರಿಗೂ ಧಾರಾಳವಾಗಿ ಮುತ್ತಿಟ್ಟರು. ಷಿಕಾಗೋದ ಅದೇ ಪತ್ರಿಕೆ, ಪೆಟಿಬೋನನ ಕೈ ಬಿದ್ದುಹೋಯಿತು, ಸಂಯಮ ಎಲ್ಲಿ ಹೋಯಿತೋ ಎಂದು ಮರುಗಿತು. ನಿಜ, ಚಿತ್ರಗಳು ಸಪ್ಪೆಯಾಗಿದ್ದವು. ಕೊನೆಕೊನೆಗೆ ಅವನು ಬರೆದದ್ದು ಎರಡು ರೀಲಿನ ಹಾಸ್ಯ ಮಾತ್ರ. ಹೊಟ್ಟೆಯಲ್ಲಿ ಕಿಚ್ಚಿಲ್ಲದವನಿಗೆ ದೊಡ್ಡ ಅಡುಗೆ ಹೇಗಾಗುತ್ತದೆ? ಅದಕ್ಕೆ ಅವನು ಚಿಂತಿಸಿದ್ದನ್ನು ನಾನು ಕಾಣೆ. ವಿನ್ನಿಯೂ ಅವನೂ ಈಗಲೂ ಭಾನುವಾರ ಟ್ರಾಮಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಸಮುದ್ರದ ಕಡೆ ಹೋಗುತ್ತಾರೆ. ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ಅವನು ದಾರಿಯುದ್ದಕ್ಕೂ ಮಾತಾಡುತ್ತಿರುತ್ತಾನೆ, ಅವಳು ಸಾಕು ಸಾಕು ಎನ್ನುವಂತೆ ಕೈ ಮಾಡುತ್ತಿರುತ್ತಾಳೆ. ನನಗೆ ಈಗಲೂ ಅವನನ್ನು ಕಂಡರೆ ಹೊಟ್ಟೆಕಿಚ್ಚು.

ಹೆಂಡತಿಯ ಮುಂದೆ ಬಾಯಿಬಿಟ್ಟು ಮಾತಾಡುವುದನ್ನು ನಾನು ಓರಿನ್ ಪೆಟಿಬೋನನಿಂದ ಕಲಿತೆ. ಅದು ನನ್ನ ಮೇಲಿರುವ ಅವನ ಋಣ.